ಅಮ್ಮನಿಗೆ ಕೇಳಿಸುವ ಹಾಗೆ

ಬಂದರಿನ ಗೇಟಿನ ಹೊರಗೆ ಅಕ್ಕ ನಿಂತಿದ್ದಳು. ತಾನು ನೋಡಿಕೊಳ್ಳುವ ಮುದುಕಿಯ ಹಳೇ ಕೋಟೊಂದನ್ನು ತೊಟ್ಟಿದ್ದಳು. ಅಂಥ ಸವೆದುಹೋದ ಕೋಟಿನ ತೋಳಿಗೂ ಚಾಕುವಿನಂಥ ಗೆರೆ ಬೀಳುವ ಹಾಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ಇಸ್ತ್ರಿಯವರ ಮನೆಯ ಮಗಳು ಅಂತ ಬೇರೆ ಹೇಳಬೇಕಾಗಿರಲಿಲ್ಲ. ತಮ್ಮನನ್ನು ಕಂಡು ಅವಳು ಕೈಬೀಸಲಿಲ್ಲ, ಓಡಿ ಬರಲಿಲ್ಲ. ಹತ್ತಿರ ಬರುವ ತನಕ ಸುಮ್ಮನೆ ನಿಂತಿದ್ದು, ಬಂದ ಮೇಲೆ ಅವನ ಅಂಗಿಯ ಕಾಲರನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು. ಅಮ್ಮ ಮಾಡುತ್ತಿದ್ದುದೂ ಹೀಗೇ.

"ಏನೋ ಮೊಂಡ, ಹಡಗಲ್ಲಿ ಊಟ ಹಾಕಲ್ವಾ? ಕಡ್ಡಿ ಆಗ್ಬಿಟ್ಟಿದೀಯಲ್ಲ."

"ಅಡುಗೆ ಮನೇಲಿರೋದೇ ನಾನು ಅಕ್ಕ. ಅದಕ್ಕೇ."

ಅವಳು ನಕ್ಕಳು. ಗೇಟು ದಾಟಿದ ಕೂಡಲೇ ಹೇಳಿಬಿಡಬೇಕು ಅಂತ ಅವನು ಸಮುದ್ರದುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಆ ನಗುವಿನ ಅಡಿಯಲ್ಲಿ ಸಿಕ್ಕಿ ಅಲ್ಲೇ ಉಳಿಯಿತು.

ಮಾತು ಇಷ್ಟೇ. ಅಮ್ಮ ಇಲ್ಲ. ಅಮ್ಮ ಹೋಗಿ ಒಂದು ಮಳೆಗಾಲ ಕಳೆದು, ಚಳಿಯೂ ಕಳೆದಿತ್ತು. ಕೇರಿಗೆಲ್ಲ ಗೊತ್ತಿತ್ತು, ಬಟ್ಟೆ ಕೊಡಲು ಬರುತ್ತಿದ್ದ ಕಟ್ಟಡದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ಅಮ್ಮನ ಒಬ್ಬಳೇ ಮಗಳು.

ಹೇಳಬಾರದು ಅಂತ ತೀರ್ಮಾನ ಮಾಡಿದ್ದು ಅಣ್ಣ. ಹೇಳಿದರೆ ಅವಳು ಎದ್ದುಬಿದ್ದು ಓಡಿ ಬರುತ್ತಾಳೆ, ಬಂದರೆ ಮುದುಕಿಯ ಮನೆಯವರು ಬೇರೆಯವಳನ್ನು ಇಟ್ಟುಕೊಳ್ಳುತ್ತಾರೆ, ಬಂದು ಮಾಡುವುದಾದರೂ ಏನು, ಮುಖವಂತೂ ನೋಡಲು ಸಿಗುವುದಿಲ್ಲ, ಒಪ್ಪಂದ ಮುಗಿಸಿಯೇ ಬರಲಿ, ಆಮೇಲೆ ಎದುರಿಗೆ ಕೂರಿಸಿಕೊಂಡು ನಿಧಾನಕ್ಕೆ ಹೇಳೋಣ. ಅಣ್ಣ ಹೇಳುವಾಗ ಅದು ಕರುಣೆಯ ಹಾಗೇ ಕೇಳಿಸುತ್ತಿತ್ತು. ಮನೆಯ ಮೇಲೆ ಅರ್ಧಕ್ಕೆ ನಿಂತ ಮಹಡಿಯ ಸುದ್ದಿಯನ್ನು ಮಾತ್ರ ಅವನು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ತಲೆ ಎತ್ತಿದರೆ ಕಾಣುತ್ತಿತ್ತು. ಕಬ್ಬಿಣದ ಸರಳುಗಳು ಆಕಾಶಕ್ಕೆ ಕೈಚಾಚಿ, ಇನ್ನೂ ಕೊಡು ಇನ್ನೂ ಕೊಡು ಅನ್ನುತ್ತಿದ್ದವು. ಕೊಡುವವಳು ಅಕ್ಕ.

ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಮೊದಮೊದಲು ಅಮ್ಮ ಮಲಗಿರುತ್ತಿದ್ದಳು, ಸ್ನಾನಕ್ಕೆ ಹೋಗಿರುತ್ತಿದ್ದಳು, ನೆಂಟರ ಮನೆಯಲ್ಲಿರುತ್ತಿದ್ದಳು. ಸತ್ತವಳನ್ನು ಎಷ್ಟು ಸಲ ಅಂತ ಸ್ನಾನಕ್ಕೆ ಕಳಿಸುವುದು? ಕೊನೆಗೆ ಅತ್ತಿಗೆಗೆ ಹೊಳೆಯಿತು. ಅಮ್ಮನಿಗೆ ಕಿವಿ ಹೋಗಿದೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅಣ್ಣ ಹೆಂಡತಿಯ ಬುದ್ಧಿಗೆ ತಲೆದೂಗಿದ. ಅಲ್ಲಿಂದ ಮನೆಗೆ ನೆಮ್ಮದಿ ಬಂತು. ಅಕ್ಕ ಫೋಟೋ ಕೇಳಿದಾಗ ಹಳೇ ಫೋಟೋಗಳು ಒಂದೊಂದಾಗಿ ಹೋದವು.

ಹೋಗಿ ಹೋಗಿ ಅಮ್ಮನ ಕಿವಿಗೇ ಕೈಹಾಕಿದರಲ್ಲ ಅಂತ ತಮ್ಮನ ಮೈ ಉರಿದುಹೋಗಿತ್ತು. ಅಮ್ಮ ಬದುಕಿದ್ದೇ ಆ ಕಿವಿಯಿಂದ. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವಳ ಇಸ್ತ್ರಿ ಮೇಜು, ಕೆಂಡ ತುಂಬುವ ಭಾರದ ಪೆಟ್ಟಿಗೆ. ಬಟ್ಟೆಗೆ ಇಡುವ ಮೊದಲು ಒದ್ದೆ ಬೆರಳನ್ನು ತಳಕ್ಕೆ ತಾಗಿಸಿ ಕಿವಿ ಕೊಡುತ್ತಿದ್ದಳು. ಚುಂಯ್ ಅಂತ ಸದ್ದು ಎಳೆದರೆ ಇನ್ನೂ ಕಾಯಬೇಕು. ಚುಯ್ ಅಂತ ನಿಂತರೆ ಸರಿ. ಚಟ್ ಅಂದರೆ ದೂರ ಇಡು, ಬಟ್ಟೆ ಸೀದುಹೋಗುತ್ತದೆ. ತಲೆ ತಗ್ಗಿಸಿಕೊಂಡೇ ಆಯುಷ್ಯ ಕಳೆದವಳು, ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದಿನಲ್ಲೇ ಯಾವ ಮನೆಯವರು ಅಂತ ಹೇಳುತ್ತಿದ್ದಳು. ತಮ್ಮ ಮನೆಯಲ್ಲಿ ಯಾರೂ ಮುಖ ನೋಡಿಕೊಂಡು ಮಾತಾಡಿದವರಲ್ಲ. ಅಮ್ಮ ಬಟ್ಟೆ ನೋಡುತ್ತ ಕೇಳುವಳು, ಮಕ್ಕಳು ಬಟ್ಟೆ ಮಡಿಸುತ್ತ ಹೇಳುವರು. ಒಳ್ಳೆಯದೂ ಹಾಗೇ, ಕೆಟ್ಟದ್ದೂ ಹಾಗೇ.

ಇಷ್ಟೆಲ್ಲ ಗೊತ್ತಿದ್ದ ಅವನೂ ಒಂದು ಸಲ ಫೋನಿನಲ್ಲಿ, ಹೂಂ ಅಕ್ಕ, ಅಮ್ಮನಿಗೆ ಕಿವಿ ಮಂದ ಆಗಿದೆ ಅಂದಿದ್ದ. ಅಂದ ನಾಲಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತ್ತು. ಆ ವಾರವೇ ಅಣ್ಣನ ಜೊತೆ ಕೈಕೈ ಮಿಲಾಯಿಸಿ, ಸರಕಿನ ಹಡಗಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಹಿಡಿದಿದ್ದ. ನಿನ್ನೆ ಹಡಗು ದಡದ ಹತ್ತಿರ ಬಂದು ಫೋನಿಗೆ ಜೀವ ಬಂದ ಕೂಡಲೇ ಅಣ್ಣನ ಕರೆ ಬಂದಿತ್ತು. ಊರು ನೋಡ್ಕೊಂಡು ಬಾ, ಬಾಯಿ ಮಾತ್ರ ಬಿಡಬೇಡ, ನಾಳೆ ಸಂಜೆ ನಾನೇ ಅವಳಿಗೆ ಫೋನ್ ಮಾಡಿ ವಿಚಾರಿಸ್ತೀನಿ ಅಂದಿದ್ದ. ಇವನು ಹೂಂ ಅನ್ನದೆ ಕತ್ತರಿಸಿದ್ದ. ಕತ್ತಲಾಗುವುದರೊಳಗೆ ಹಡಗು ಹತ್ತಬೇಕು, ಅಷ್ಟರಲ್ಲಿ ಹೇಳಿಯೇ ತೀರುತ್ತೇನೆ ಅಂತ ಹಲ್ಲು ಕಚ್ಚಿಕೊಂಡು ಬಂದಿದ್ದ.

ಬಂದರೆ, ಅಕ್ಕ ಬಸ್ಸಿಗೆ ಟಿಕೆಟ್ಟು ತೆಗೆದುಕೊಂಡು ನಿಂತಿದ್ದಾಳೆ.

ಅದು ಊರು ತೋರಿಸುವ ಬಸ್ಸು. ಮೇಲಂತಸ್ತಿಗೆ ಛಾವಣಿಯಿಲ್ಲ. ಮುದುಕಿಯ ಬಾಲ್ಕನಿಯ ಕೆಳಗೇ ಆ ಬಸ್ಸು ದಿನಾ ಹೋಗುತ್ತಿತ್ತಂತೆ. ಮುದುಕಿಗೆ ಗಂಜಿ ಕುಡಿಸುತ್ತ, ಒದ್ದೆ ಬಟ್ಟೆ ಹರವುತ್ತ ಅಕ್ಕ ಅದನ್ನು ವರ್ಷಗಟ್ಟಲೆ ನೋಡಿದ್ದಾಳೆ, ಒಮ್ಮೆಯೂ ಹತ್ತಿಲ್ಲ. ಈ ಊರಲ್ಲಿ ಅವಳಿಗೆ ಗೊತ್ತಿದ್ದದ್ದು ಔಷಧಿ ಅಂಗಡಿ, ಆಸ್ಪತ್ರೆ, ಗಾಲಿಕುರ್ಚಿ ತಳ್ಳಿಕೊಂಡು ಹೋಗಬಹುದಾದ ಒಂದು ಪಾರ್ಕು. ಅಷ್ಟೇ. ಯಾರಾದರೂ ಬರಲಿ, ಬಂದರೆ ಜೊತೆಯಲ್ಲಿ ಹತ್ತೋಣ ಅಂತ ಕಾದಿದ್ದೆ ಅಂದಳು. ಅವಳನ್ನು ನೋಡಲು ಮನೆಯಿಂದ ಯಾರಾದರೂ ಬಂದದ್ದು ಇದೇ ಮೊದಲು. ಅದೂ ಹಡಗು ಈ ಕಡೆ ಬಂತು ಅಂತ.

ಮೇಲೆ ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಪ್ರತಿ ಸೀಟಿಗೂ ಒಂದು ಇಯರ್‌ಫೋನು ನೇತಾಡುತ್ತಿತ್ತು. ಗುಂಡಿ ಒತ್ತಿದರೆ ಒಂದೊಂದು ಭಾಷೆಯಲ್ಲಿ ಊರಿನ ಕತೆ. ಅಕ್ಕ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು, ತಮ್ಮ ಭಾಷೆ ಬರಲಿಲ್ಲ.

"ಬಿಡು, ನಾನೇ ಹೇಳ್ತೀನಿ ಕೇಳು," ಅಂದು ಗಂಟಲು ಸರಿಮಾಡಿಕೊಂಡಳು. "ಎಡಗಡೆ ಕುದುರೆ ಮೇಲೆ ಕೂತಿದಾನಲ್ಲ, ಅವನು ಈ ಊರಿನ ದೊಡ್ಡ ಮನುಷ್ಯ. ಹೆಂಡ್ತಿ ಬೈದಳು ಅಂತ ಮನೆ ಬಿಟ್ಟು ಬಂದೋನು, ಇನ್ನೂ ಇಳಿದಿಲ್ಲ."

ಹಿಂದೆ ಕೂತ ಪ್ರವಾಸಿಗಳು ಕಂಚಿನ ಕುದುರೆಯ ಫೋಟೋ ತೆಗೆದರು. ಅಕ್ಕ ತಮ್ಮನ ಫೋಟೋ ತೆಗೆದಳು. ಸೇತುವೆ ಬಂತು, ಫೋಟೋ. ಗಡಿಯಾರದ ಗೋಪುರ ಬಂತು, ಫೋಟೋ. ಅರಮನೆಯ ಮುಂದೆ ಇಳಿದು ನಿಂತರು. ಪಹರೆಯವನು ರೆಪ್ಪೆ ಬಡಿಯದೆ ನಿಂತಿದ್ದ. ಅಕ್ಕ ಅವನ ಮುಖ ನೋಡಲಿಲ್ಲ, ಬಗ್ಗಿ ಅವನ ಪ್ಯಾಂಟು ನೋಡಿದಳು. ಜೋಡಿ ಗೆರೆ ಬಿದ್ದಿದೆ, ಯಾರೋ ಅವಸರದಲ್ಲಿ ಹಾಕಿದಾರೆ, ಅಮ್ಮ ಆಗಿದ್ದರೆ ಬಿಚ್ಚು ಅಂತ ಬಿಚ್ಚಿಸಿ ಇನ್ನೊಂದು ಸಲ ಹಾಕುತ್ತಿದ್ದಳು ಅಂದಳು.

"ನೆಟ್ಟಗೆ ನಿಂತ್ಕೊಳೋ. ಅಮ್ಮನಿಗೆ ತೋರಿಸ್ಬೇಕಲ್ಲ. ಕಿವಿ ಇಲ್ದಿದ್ರೂ ಕಣ್ಣಿದೆಯಲ್ಲ ಅವಳಿಗೆ."

ಅವನು ನೆಟ್ಟಗೆ ನಿಂತ. ಸತ್ತವಳಿಗೆ ತೋರಿಸಲು ಬೇಕಾದ ಫೋಟೋಗೆ ಹಲ್ಲು ಬಿಟ್ಟು ನಿಂತ. ಈ ಊರಿನ ಕಲ್ಲು, ಕಂಚು, ಚಿನ್ನದ ಬಣ್ಣ ಬಳಿದ ಗೇಟು ಎಲ್ಲದರ ಮೇಲೂ ಅವನಿಗೆ ಸಿಟ್ಟು ಬಂತು. ಯಾವನೋ ರಾಜ ಸತ್ತದ್ದನ್ನು ಊರಿಗೆಲ್ಲ ಗೊತ್ತಾಗಲಿ ಅಂತ ಕಲ್ಲಿನಲ್ಲಿ ಕೆತ್ತಿ, ದೀಪ ಹಾಕಿ, ಟಿಕೆಟ್ಟು ಇಟ್ಟು ತೋರಿಸುತ್ತಾರೆ. ಇವನ ಅಮ್ಮ ಸತ್ತದ್ದನ್ನು ಅವಳ ಮಗಳಿಗೇ ಮುಚ್ಚಿಟ್ಟಿದ್ದಾರೆ.

ಮಧ್ಯಾಹ್ನ ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಕೂತು, ಅಕ್ಕ ಕಾಗದದಲ್ಲಿ ಸುತ್ತಿ ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಒಳಗೆ ಹೋಗುವುದು ಬೇಡ, ಹಳೇ ಮಡಕೆ ನೋಡಿ ಏನಾಗಬೇಕು ಅಂದಳು. ಪಾರಿವಾಳಗಳು ಕಾಲ ಬುಡಕ್ಕೆ ಬಂದವು. ಇನ್ನು ತಡಮಾಡಬಾರದು ಅಂತ ಅವನು ಬಾಯಿ ತೆಗೆದ.

"ಅಕ್ಕ, ಒಂದು ಮಾತು ಹೇಳ್ಬೇಕಿತ್ತು. ಅಮ್ಮಂದು."

"ಗೊತ್ತು ಬಿಡು," ಅಂದಳು ಅಕ್ಕ.

ಅವನ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಅವಳಿಗೆ ಗೊತ್ತಿದ್ದದ್ದು ಬೇರೆ. ಬ್ಯಾಗಿಗೆ ಕೈಹಾಕಿ, ಬಟ್ಟೆಯಲ್ಲಿ ಸುತ್ತಿದ ಸಣ್ಣ ಡಬ್ಬಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟು ಮುಚ್ಚಳ ತೆರೆದಳು. ಒಳಗೆ ಗೋಡಂಬಿಯಷ್ಟೇ ದೊಡ್ಡದಾದ, ಚರ್ಮದ ಬಣ್ಣದ ಒಂದು ವಸ್ತು ಮಲಗಿತ್ತು. ಕಿವಿಗೆ ಹಾಕಿಕೊಳ್ಳುವ ಮಿಷನ್ನು.

ಅಕ್ಕ ತಲೆ ತಗ್ಗಿಸಿ ಡಬ್ಬಿಯನ್ನೇ ನೋಡುತ್ತ ಹೇಳಿಕೊಂಡು ಹೋದಳು. ಅಮ್ಮನಿಗೆ ಕಿವಿ ಹೋಯಿತು ಅಂತ ಕೇಳಿದ ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ. ಫೋನಿನಲ್ಲಿ ಮಾತಾಡದಿದ್ದರೆ ಹೋಗಲಿ, ಕಿವಿಯಿಲ್ಲದೆ ಅಮ್ಮ ಇಸ್ತ್ರಿ ಹೇಗೆ ಹಾಕುತ್ತಾಳೆ? ಒದ್ದೆ ಬೆರಳು ಇಟ್ಟರೆ ಸದ್ದು ಕೇಳಿಸಬೇಡವೇ? ಯಾರದೋ ಮದುವೆಯ ಸೀರೆ ಸುಟ್ಟುಬಿಟ್ಟರೆ? ಕಟ್ಟಡದವರು ಬೇರೆಯವರಿಗೆ ಬಟ್ಟೆ ಕೊಡಲು ಶುರುಮಾಡಿದರೆ ಅಮ್ಮ ಆ ಅವಮಾನಕ್ಕೇ ಸತ್ತುಹೋಗುತ್ತಾಳೆ. ಮುದುಕಿಗೂ ಇಂಥದ್ದೇ ಮಿಷನ್ನು ಇತ್ತು, ದಿನಾ ಅದನ್ನು ಸಣ್ಣ ಬ್ರಷ್ಷಿನಲ್ಲಿ ತಿಕ್ಕಿ ಒರೆಸುವುದು ಅಕ್ಕನ ಕೆಲಸ. ಹಾಗಾಗಿ ಅಂಗಡಿಯವನ ಪರಿಚಯವಿತ್ತು. ಕಿವಿ ನೋಡದೆ ಹೇಗಮ್ಮ ಕೊಡಲಿ ಅಂತ ಅವನು ಮೊದಲು ಒಪ್ಪಿರಲಿಲ್ಲವಂತೆ. ನಮ್ಮ ತಮ್ಮನ ಕಿವಿ ಅಮ್ಮನ ಕಿವಿಯ ಅಚ್ಚೇ, ಸಣ್ಣವನಿದ್ದಾಗ ದಿನಾ ಹಿಂಡಿದ್ದೇನೆ, ಅಳತೆ ನನಗೆ ಗೊತ್ತು ಅಂತ ಇವಳು ಹಟಹಿಡಿದು ಮಾಡಿಸಿದ್ದಳು.

ಸುಳ್ಳು ಕಟ್ಟಿದವರು ಆ ಕಿವಿಯ ಕೆಲಸವನ್ನೇ ಮರೆತಿದ್ದರು. ಸುಳ್ಳು ಕೇಳಿದವಳು ಅದನ್ನು ಮರೆತಿರಲಿಲ್ಲ. ಆದರೂ ಅವಳಿಗೆ ಅನುಮಾನ ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು.

ಅವನು ಕೈಯಲ್ಲಿದ್ದ ಬ್ರೆಡ್ಡನ್ನು ಪಾರಿವಾಳಗಳಿಗೆ ಮುರಿದು ಹಾಕಿದ. ಮಿಷನ್ನು ಸರಿಯಾಗಿ ಕೂರುತ್ತದೋ ಇಲ್ಲವೋ ನಿನಗೆ ಹಾಕಿ ನೋಡಬೇಕು, ಆದರೆ ಇಲ್ಲಿ ಬೇಡ, ಮೇಲೆ ಹೋಗೋಣ ಅಂದಳು.

ಮೇಲೆ ಅಂದರೆ ಊರಿಗೆಲ್ಲ ಎತ್ತರವಾದ ಕಟ್ಟಡದ ತುದಿ. ಲಿಫ್ಟಿನಲ್ಲಿ ಕಿವಿ ಗುಂಯ್‌ಗುಟ್ಟಿತು. ಹೊರಗೆ ಬಂದರೆ ಸುತ್ತಲೂ ಕಂಬಿ ಹಾಕಿದ ಜಗಲಿ, ಕೆಳಗೆ ಊರೆಲ್ಲ ಹರಡಿಕೊಂಡಿತ್ತು. ನದಿ ಒಗೆದು ಹಿಂಡಿ ಬಿಸಾಕಿದ ಪಟ್ಟಿಯ ಹಾಗೆ ಬಿದ್ದಿತ್ತು. ಜನ ಬೆರಳು ತೋರಿಸಿ ತಮ್ಮ ಹೋಟೆಲ್ಲು ಹುಡುಕುತ್ತಿದ್ದರು. ಅಕ್ಕ ಮುದುಕಿಯ ಮನೆ ಹುಡುಕಿದಳು, ಸಿಗಲಿಲ್ಲ. ಅಷ್ಟು ವರ್ಷ ಅದರೊಳಗೇ ಇದ್ದುದಕ್ಕೆ ಹೊರಗಿನಿಂದ ಹೇಗಿದೆ ಅಂತ ಗೊತ್ತಾಗುತ್ತಿಲ್ಲ ಅಂದಳು.

ಆಮೇಲೆ ಅವನನ್ನು ಕಂಬಿಗೆ ಒರಗಿಸಿ ನಿಲ್ಲಿಸಿ, ಬಲಗಿವಿಗೆ ಮಿಷನ್ನು ತೂರಿಸಿದಳು. ಸರಿಯಾಗಿ ಕೂತಿತು. ಅವಳ ಮುಖ ಅರಳಿತು.

"ನಾ ಹೇಳ್ಲಿಲ್ವಾ, ಒಂದೇ ಅಚ್ಚು. ಇಲ್ಲೇ ನಿಂತಿರು. ನಾನು ಆ ಕಡೆ ಹೋಗಿ ಮೆಲ್ಲಗೆ ಮಾತಾಡ್ತೀನಿ. ಕೇಳಿಸಿದ್ರೆ ಕೈ ಎತ್ತು."

ಗುಂಡಿ ತಿರುಗಿಸಿದ್ದೇ ಊರೆಲ್ಲ ಅವನ ತಲೆಯೊಳಗೆ ನುಗ್ಗಿತು. ಬೂಟುಗಳ ಸದ್ದು, ಗಾಳಿ ಕಂಬಿಗೆ ಹೊಡೆಯುವ ಸದ್ದು, ಯಾವುದೋ ಮಗುವಿನ ಚಾಕೊಲೇಟಿನ ಕಾಗದ, ಗೊತ್ತಿಲ್ಲದ ಭಾಷೆಗಳ ನಗು. ಅಕ್ಕ ಆಚೆ ಮೂಲೆಗೆ ಹೋಗಿ, ಅವನಿಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತಳು. ಇಸ್ತ್ರಿ ಮೇಜಿನ ಮುಂದೆ ನಿಂತ ಹಾಗೇ. ಎಲ್ಲ ಗಲಾಟೆಯ ನಡುವಿನಿಂದ ಅವಳ ದನಿ ಕಿವಿಗೇ ಬಾಯಿಟ್ಟಷ್ಟು ಹತ್ತಿರ ಬಂತು.

"ಅಮ್ಮ, ಕೇಳಿಸ್ತಿದ್ಯಾ? ನಾನು." ಸ್ವಲ್ಪ ಹೊತ್ತು ಬರೀ ಗಾಳಿ. "ಅಮ್ಮ, ನಂಗೆ ಸಾಕಾಗಿದೆ ಕಣೆ. ಬಂದ್ಬಿಡ್ತೀನಿ. ಮಹಡಿ ಮುಗೀಲಿ, ಇನ್ನೊಂದು ವರ್ಷ ಇರು ಅಂತ ಅಣ್ಣ ಅಂತಾನೆ. ನೀನು ಮಾತ್ರ ಹಾಗೆ ಅನ್ಬೇಡ. ನೀನು ಬಾ ಅಂದ್ರೆ ಸಾಕು, ನಾಳೇನೇ ಬರ್ತೀನಿ. ಮೆಟ್ಟಿಲ ಕೆಳಗೆ ನಿನ್ ಜೊತೆ ಬಟ್ಟೆ ಮಡಿಸ್ಕೊಂಡು ಇರ್ತೀನಿ."

ಅವನು ಕೈ ಎತ್ತಲಿಲ್ಲ.

ಅಕ್ಕ ತಿರುಗಿ ನೋಡಿದಳು. ಕೇಳಿಸಲಿಲ್ಲವೇನೋ ಅಂದುಕೊಂಡು, ಮುಖ ಚಿಕ್ಕದು ಮಾಡಿಕೊಂಡು ಹತ್ತಿರ ಬಂದಳು. ಅವನ ಕಿವಿಯ ಹತ್ತಿರ ಕೈ ತಂದು ಗುಂಡಿ ತಿರುಗಿಸಲು ಹೋದಳು. ಅವನು ಆ ಕೈ ಹಿಡಿದುಕೊಂಡ. ಮುಖ ನೋಡಲಾಗಲಿಲ್ಲ. ಕೆಳಗೆ ಹರಡಿದ ಊರನ್ನೇ ನೋಡುತ್ತ ಹೇಳಿದ.

"ಎಲ್ಲಾ ಕೇಳಿಸ್ತು ಅಕ್ಕ. ಅಮ್ಮ ಇಲ್ಲ. ಮಳೆಗಾಲದ ಮುಂಚೇನೇ ಹೋದ್ಲು. ಎದೇಲಿ ಕಫ ಕಟ್ಟಿತ್ತು. ನಿಂಗೆ ಹೇಳ್ಬಾರ್ದು ಅಂತ ಅಣ್ಣ ಹೇಳಿದ್ದ. ನಾನೂ ಬಾಯಿ ಮುಚ್ಕೊಂಡಿದ್ದೆ."

ಅಕ್ಕ ಅಳಲಿಲ್ಲ, ಕೂಗಲಿಲ್ಲ. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಗಂಡಹೆಂಡಿರು ತಿರುಗಿಯೂ ನೋಡಲಿಲ್ಲ. ಅವಳಿಗೇನೂ ಆಗಿಲ್ಲ ಅಂತ ನೋಡಿದವರಿಗೆ ಅನ್ನಿಸಬೇಕು. ಆದರೆ ಅವನ ಕಿವಿಯಲ್ಲಿ ಮಿಷನ್ನು ಇತ್ತು. ಅವಳ ಉಸಿರು ಒಳಗೆ ಹೋಗಿ ಹೊರಗೆ ಬಾರದೆ ನಿಂತದ್ದು ಕೇಳಿಸಿತು. ಗಂಟಲು ಏನನ್ನೋ ನುಂಗಿದ್ದು ಕೇಳಿಸಿತು. ಹಲ್ಲಿಗೆ ಹಲ್ಲು ತಾಗಿ ಕಟಕಟ ಅಂದದ್ದು, ತುಂಬ ಒಳಗಿನಿಂದ ಸೀದ ಬಟ್ಟೆ ಹರಿದ ಹಾಗೆ ಒಂದು ಸಣ್ಣ ಸದ್ದು ಬಂದದ್ದು, ಎಲ್ಲ ಕೇಳಿಸಿತು. ಅವನು ಅದನ್ನು ಕಿತ್ತು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಅವಳು ಕೇಳಿದ ಮೊದಲ ಪ್ರಶ್ನೆ ಅವನು ಎಣಿಸದೇ ಇದ್ದದ್ದು.

"ಹಾಗಾದ್ರೆ ಕಿವಿ?"

"ಕಿವಿಗೆ ಏನೂ ಆಗಿರ್ಲಿಲ್ಲ ಅಕ್ಕ. ಕೊನೇವರ್ಗೂ ಚೆನ್ನಾಗೇ ಕೇಳಿಸ್ತಿತ್ತು."

ಅವನು ಉಳಿದದ್ದನ್ನೂ ಹೇಳಿಯೇಬಿಟ್ಟ. ಕೊನೆಯ ದಿನ ಅಮ್ಮನಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ಅಣ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಮ್ಮ ಕಣ್ಣು ಮುಚ್ಚಿಕೊಂಡೇ, ಅವಳದ್ದು, ಕೊಡು ಅಂದಳು. ಅಣ್ಣ ಹೊರಗೆ ಹೋಗಿ ಫೋನು ಕತ್ತರಿಸಿ ಬಂದು, ಯಾರೋ ತಪ್ಪಿ ಮಾಡಿದ್ದರು ಅಂದ. ಯಾರ ಫೋನು ಬಂದರೂ ಅದು ಹೊಡೆದುಕೊಳ್ಳುವುದು ಒಂದೇ ಥರ. ಅಕ್ಕನದ್ದು ಅಂತ ಅಮ್ಮನಿಗೆ ಹೇಗೆ ತಿಳಿಯಿತೋ.

ಅಕ್ಕ ಕಂಬಿಯನ್ನು ಅಂಗೈಯಿಂದ ಒತ್ತಿ ಒತ್ತಿ ಸವರುತ್ತಿದ್ದಳು, ಸುಕ್ಕು ಬಿಡಿಸುವವಳ ಹಾಗೆ.

"ಇಸ್ತ್ರಿ ಪೆಟ್ಟಿಗೆ ಎಲ್ಲಿದೆ?"

"ಮಹಡಿ ಮೇಲೆ. ಗಾಳಿಗೆ ಬಾಗಿಲು ಹೊಡ್ಕೊಳತ್ತೆ ಅಂತ ಅತ್ತಿಗೆ ಅದನ್ನ ಅಡ್ಡ ಇಟ್ಟಿದಾಳೆ."

ಅವಳು ತಲೆಯಾಡಿಸಿದಳು, ಸರಿಯಾದ ಜಾಗದಲ್ಲೇ ಇದೆ ಅನ್ನುವ ಹಾಗೆ.

ಇಳಿಯುವಾಗ ಅವನು ಹೇಳಿದ, ನಡಿ ಅಕ್ಕ, ಈ ಕೆಲಸ ಬಿಟ್ಟುಬಿಡು, ಊರಿಗೆ ಹೋಗು, ಅಣ್ಣನ ಎದೆ ಮೇಲೆ ಕಾಲಿಟ್ಟು ಕೇಳು, ನಾನೂ ಹಡಗು ಬಿಟ್ಟು ಬರುತ್ತೇನೆ. ಲಿಫ್ಟಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಯಾರ ಹತ್ರ ಹೋಗಲಿ ಅಂದಳು ಅಕ್ಕ.

ಬಸ್ಸು ವಾಪಸು ಬಂದರಿನ ಕಡೆ ಹೊರಟಾಗ ಬಿಸಿಲು ಇಳಿದಿತ್ತು. ಅದೇ ಸೇತುವೆ, ಅದೇ ಗಡಿಯಾರ, ಅದೇ ಕುದುರೆಯವನು. ಅಕ್ಕ ಯಾವುದನ್ನೂ ನೋಡಲಿಲ್ಲ, ಯಾರ ಕತೆಯನ್ನೂ ಹೇಳಲಿಲ್ಲ. ತೊಡೆಯ ಮೇಲೆ ಖಾಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಆಗ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ.

ಎತ್ತು, ಎತ್ತಿ ಬೈ, ಮುಖಕ್ಕೆ ಉಗಿ ಅಂತ ಅವನು ಮುಷ್ಟಿ ಬಿಗಿದ. ಅಕ್ಕ ಎತ್ತಿದಳು. ಮಿಷನ್ನಿನಿಂದಾಗಿ ಅಣ್ಣನ ದನಿಯೂ ಅವನಿಗೆ ಚೆನ್ನಾಗಿ ಕೇಳಿಸಿತು. ಊರು ನೋಡಿದಿರಾ, ಏನೇನು ನೋಡಿದಿರಿ, ಅವನು ಸರಿಯಾಗಿದ್ದಾನಾ ಅಂತ ಅಣ್ಣ ಜೇನು ಸುರಿಸಿದ. ಎಲ್ಲ ನೋಡಿದ್ವಿ, ಅರಮನೆ ನೋಡಿದ್ವಿ ಅಂದಳು ಅಕ್ಕ. ಆಮೇಲೆ, ಪ್ರತಿ ವಾರ ಕೇಳುವ ದನಿಯಲ್ಲೇ ಕೇಳಿದಳು.

"ಅಮ್ಮ ಏನ್ ಮಾಡ್ತಿದಾಳೆ?"

"ಅಮ್ಮಾನಾ? ಈಗ ತಾನೆ ಉಂಡು ಮಲಗಿದ್ಲು. ಕಿವಿ ಬೇರೆ ಕೇಳಲ್ವಲ್ಲ, ಪಾಪ."

ಅವನು ಫೋನು ಕಿತ್ತುಕೊಳ್ಳಲು ಕೈ ಚಾಚಿದ. ಅಕ್ಕ ಆ ಕೈಯನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದಳು.

"ಮಲಗ್ಲಿ ಬಿಡು ಅಣ್ಣ. ಎಬ್ಬಿಸ್ಬೇಡ."

ಫೋನು ಬ್ಯಾಗಿಗೆ ಹೋಯಿತು. ಯಾಕೆ ಸುಮ್ಮನಿದ್ದೆ, ಯಾಕೆ ಕೇಳಲಿಲ್ಲ ಅಂತ ಅವನು ಹಲ್ಲು ಕಡಿದ. ಅಕ್ಕ ಮುಂದಿನ ರಸ್ತೆ ನೋಡುತ್ತ ಹೇಳಿದಳು.

"ನಂಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾದ್ರೆ, ಮುಂದಿನ ವಾರ ನಾನು ಫೋನ್ ಮಾಡ್ದಾಗ ಅಮ್ಮ ಮಲಗಿದಾಳೆ ಅಂತ ನಂಗೆ ಯಾರು ಹೇಳ್ತಾರೆ?"

ಗೇಟಿನ ಹತ್ತಿರ ಬಸ್ಸು ನಿಂತಿತು. ಇಳಿದ ಮೇಲೆ ಅವನ ಕಿವಿಯಿಂದ ಅವಳೇ ಮಿಷನ್ನು ತೆಗೆದಳು. ಕೋಟಿನ ಅಂಚಿನಿಂದ ಒರೆಸಿ, ಡಬ್ಬಿಯೊಳಗೆ ಮಲಗಿಸಿ, ಬಟ್ಟೆ ಸುತ್ತಿ, ಅವನ ಕೈಗೆ ಕೊಡದೆ ತನ್ನ ಬ್ಯಾಗಿಗೇ ಹಾಕಿಕೊಂಡಳು. ಆಮೇಲೆ ಅವನ ಕಾಲರನ್ನು ಅಂಗೈಯಿಂದ ಒತ್ತಿ ಸರಿಮಾಡಿ, ಹೋಗು, ಹೊತ್ತಾಯಿತು ಅಂದಳು.